ಬೀದಿಯ ಹೆಸರು ಬದಲಾದರೆ ಮನೆ ಪತ್ರ ರದ್ದಾಗುತ್ತದಾ?

"ನಿಮ್ಮ ಬೀದಿಗೆ ಹೊಸ ಹೆಸರು ಬಂದಿದ್ದರೆ ಮನೆ ಪತ್ರ ರದ್ದು. ಕೂಡಲೇ ಮತ್ತೆ ನೋಂದಣಿ ಮಾಡಿಸಿ, ಇಲ್ಲದಿದ್ದರೆ ನಲ್ಲಿ ನೀರು, ಕಸದ ಗಾಡಿ ಎಲ್ಲ ನಿಲ್ಲುತ್ತದೆ." ಇಂಥ ಮೆಸೇಜು ಗುಂಪಿನಿಂದ ಗುಂಪಿಗೆ ಹೋಗುತ್ತಿರುತ್ತದೆ. ಇದು ಸುಳ್ಳು.

ಸ್ಥಳೀಯ ಆಡಳಿತ ಬದಲಿಸುವುದು ರಸ್ತೆಯ ಹೆಸರನ್ನು, ನಿಮ್ಮ ಹಕ್ಕನ್ನಲ್ಲ. ಮನೆ ಪತ್ರವನ್ನು ಒಮ್ಮೆ ಬಿಡಿಸಿ ನೋಡಿ. ಜಾಗದ ನಂಬರು, ಉದ್ದಗಲ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಕಾಣುತ್ತದೆ. ಆಸ್ತಿ ಗುರುತಾಗುವುದು ಇವುಗಳಿಂದ. ಜಪಾನಿನಲ್ಲಂತೂ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ, ವಿಳಾಸವೆಲ್ಲ ಬ್ಲಾಕು ಮತ್ತು ಕಟ್ಟಡದ ನಂಬರಿನ ಮೇಲೆ. ಅಲ್ಲಿ ಯಾರ ಮನೆಯೂ ಕೈತಪ್ಪಿಲ್ಲ ಅಲ್ವಾ? ನೀರಿನ ಲೆಕ್ಕವೂ ಹಾಗೆಯೇ. ಬಿಲ್ಲಿನಲ್ಲಿರುವ ಸಂಪರ್ಕದ ನಂಬರು ಹಳೆಯದೇ ಇರುತ್ತದೆ.

ನಿಜವಾಗಿ ಗಮನ ಕೊಡಬೇಕಾದದ್ದು ಬೇರೆಯೇ ಇದೆ. ಬದಲಾದ ಹೊಸತರಲ್ಲಿ ಎಲ್ಲ ನಕ್ಷೆಗಳಲ್ಲೂ ಹೊಸ ಹೆಸರು ಬಂದಿರುವುದಿಲ್ಲ. ಆಂಬುಲೆನ್ಸಿಗೋ ಅಗ್ನಿಶಾಮಕಕ್ಕೋ ಫೋನು ಮಾಡುವಾಗ ಹಳೆಯದು, ಹೊಸದು ಎರಡೂ ಹೇಳಿ, ಹತ್ತಿರದ ಗುರುತನ್ನೂ ಸೇರಿಸಿ. ಮನೆಯ ಹಿರಿಯರಿಗೆ, ಮಕ್ಕಳಿಗೆ ಇದನ್ನು ಇವತ್ತೇ ಹೇಳಿಕೊಡಿ. ಬ್ಯಾಂಕಿನಂಥ ಕಡೆ ವಿಳಾಸವನ್ನು ನಿಧಾನವಾಗಿ ತಿದ್ದಿಸಿದರಾಯಿತು. ಅನುಮಾನವಿದ್ದರೆ ಆಡಳಿತ ಕಚೇರಿಯಲ್ಲೇ ಕೇಳಿ. ನೋಂದಣಿ ಮಾಡಿಸಿಕೊಡುತ್ತೇನೆ ಎಂದು ದುಡ್ಡು ಕೇಳುವವರಿಗೆ ಸುಮ್ನೆ ಕೊಡಬೇಡಿ.