ನಾಲ್ಕು ಬಣ್ಣದ ಸಂಡೇ ಬಜಾರ್

ಸ್ಕ್ರೀನ್ ಪ್ರಿಂಟ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮದುವೆ ಕಾರ್ಡು. ಇಲ್ಲವೇ ತಾಂಬೂಲದ ಚೀಲದ ಮೇಲಿನ ಗಂಡು ಹೆಣ್ಣಿನ ಹೆಸರು. ಅದೇ ಚೌಕಟ್ಟು, ಅದೇ ರಬ್ಬರ್ ಪಟ್ಟಿ ಹಿಡಿದು ಊರಿನ ಸಂತೆಗಳನ್ನು ಅಚ್ಚು ಹಾಕುವ ಕಲಾವಿದರೂ ಇದ್ದಾರೆ.

ಗೆಳೆಯನ ಮನೆಯಲ್ಲಿ ಅಂಥದ್ದೊಂದು ಚಿತ್ರವಿದೆ. ಬೆಂಗಳೂರಿನ ಸಂಡೇ ಬಜಾರ್. ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ಭಾನುವಾರ ಬೆಳಗ್ಗೆ ಎಳೆದ ಷಟರುಗಳ ಮುಂದೆಯೇ ಇನ್ನೊಂದು ಪೇಟೆ ಬಂದು ಕೂತಿರುತ್ತದಲ್ಲ, ಅದು. ಹಳೇ ಕ್ಯಾಮೆರಾ, ಒಂಟಿ ಡಂಬೆಲ್, ಯಾವ ಟಿ.ವಿ.ಯದ್ದೋ ರಿಮೋಟುಗಳ ರಾಶಿ, ನಿಂತ ಗಡಿಯಾರ, ಪಾಲಿಶ್ ಹಾಕಿಸಿಕೊಂಡು ಹೊಸದಾದ ಶೂ. ಚೋರ್ ಬಜಾರ್ ಅಂತಲೂ ಕರೆಯುತ್ತಾರೆ. ಹಾಗೆ ಕರೆದವರೂ ಕೊಳ್ಳುವುದನ್ನು ಬಿಟ್ಟಿಲ್ಲ.

ಇಷ್ಟೂ ಇರುವುದು ನಾಲ್ಕೇ ಬಣ್ಣದಲ್ಲಿ. ಏಕೆಂದರೆ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು. ಚೌಕಟ್ಟಿಗೆ ಬಿಗಿಯಾಗಿ ಎಳೆದ ಜಾಲರಿ ಬಟ್ಟೆಗೆ, ಬೆಳಕು ಬಿದ್ದರೆ ಗಟ್ಟಿಯಾಗುವ ರಾಸಾಯನಿಕ ಬಳಿಯುತ್ತಾರೆ. ಮೇಲೆ ಆ ಬಣ್ಣದ ಭಾಗವನ್ನಷ್ಟೇ ಕಪ್ಪಾಗಿ ಮೂಡಿಸಿದ ಪಾರದರ್ಶಕ ಫಿಲ್ಮ್ ಇಟ್ಟು ಬೆಳಕು ಬಿಡುತ್ತಾರೆ. ಕಪ್ಪಿನ ಅಡಿ ಬೆಳಕು ತಾಗದ ಜಾಗ ನೀರಿಗೆ ತೊಳೆದು ಹೋಗುತ್ತದೆ. ರಬ್ಬರ್ ಪಟ್ಟಿಯಲ್ಲಿ ಎಳೆದಾಗ ಇಂಕು ಕಾಗದಕ್ಕೆ ಇಳಿಯುವುದು ಅಲ್ಲಿಂದಲೇ. ತೆಳು ಹಳದಿ ಒಣಗಿದ ಮೇಲೆ ತೆಳು ನೀಲಿ ಎಳೆದರೆ, ಎರಡೂ ಕೂಡಿದ ಕಡೆ ಹಸಿರು ಪುಕ್ಕಟೆ. ಇಷ್ಟು ಅಗ್ಗ ಸಂಡೇ ಬಜಾರಿನಲ್ಲೂ ಸಿಗಲಿಕ್ಕಿಲ್ಲ.

ಆದರೂ ಬಣ್ಣಕ್ಕೊಂದು ಸ್ಕ್ರೀನ್ ಆದ್ದರಿಂದ, ಯಾವುದಕ್ಕೆ ಯಾವ ಬಣ್ಣ ಅಂತ ಕಲಾವಿದ ಆಯ್ದುಕೊಳ್ಳಲೇಬೇಕು. ಗೆಳೆಯನ ಚಿತ್ರದಲ್ಲಿ ಷಟರ್ ನೀಲಿ, ಟಾರ್ಪಾಲು ಹಳದಿ, ಜನರೆಲ್ಲ ಬರೀ ಕಪ್ಪು ಗೆರೆ. ಮುದುಕನೊಬ್ಬ ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದಿದ್ದಾನೆ. ಅವನ ಬಿಳಿ ಅಂಗಿಗೆ ಬಣ್ಣವೇ ಇಲ್ಲ, ಅದು ಬರೀ ಕಾಗದ. ಕೆಂಪು ಇರುವುದು ಟ್ರಾನ್ಸಿಸ್ಟರಿಗೆ ಮಾತ್ರ. ಅದೂ ಕೂದಲೆಳೆಯಷ್ಟು ಜರುಗಿ ಗೆರೆಯಿಂದ ಆಚೆ ಬಂದಿದೆ. ಕಾಗದ ಇಡುವಾಗ ಒಂಚೂರು ಹೆಚ್ಚುಕಮ್ಮಿ ಆದರೆ ಹೀಗಾಗುತ್ತದೆ. ಮದುವೆ ಕಾರ್ಡಿನಲ್ಲಾಗಿದ್ದರೆ ಹುಡುಗಿಯ ಅಪ್ಪ ಅಷ್ಟೂ ಕಾರ್ಡು ವಾಪಸ್ ಕಳಿಸುತ್ತಿದ್ದರು. ನನಗೆ ಮಾತ್ರ ಇಲ್ಲಿ ಅದೇ ಇಷ್ಟ. ಆ ಬಜಾರಿನಲ್ಲಿ ಯಾವುದು ತಾನೇ ತನ್ನ ಗೆರೆಯೊಳಗೆ ಕೂತಿದೆ?

ನನ್ನ ತಕರಾರು ಬೇರೆ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 12/50 ಅಂತ ಬರೆದಿದೆ. ಐವತ್ತು ಪ್ರತಿಗಳಲ್ಲಿ ಇದು ಹನ್ನೆರಡನೆಯದು ಅಂತ. ಬೆಲೆ ಫಿಕ್ಸೆಡ್. ಇದ್ಯಾವ ನ್ಯಾಯ ಸ್ವಾಮಿ? ಐನೂರು ಅಂದದ್ದನ್ನು ನೂರೈವತ್ತಕ್ಕೆ ಕೇಳಿ, ಬೇಡ ಬಿಡಿ ಅಂತ ನಾಲ್ಕು ಹೆಜ್ಜೆ ನಡೆದು, "ಬನ್ನಿ ಸಾರ್, ತಗೊಳ್ಳಿ" ಅಂತ ಕರೆಸಿಕೊಳ್ಳುವುದೇ ಅಲ್ಲಿನ ವ್ಯಾಪಾರ. ಅದರ ಚಿತ್ರಕ್ಕೇ ಚೌಕಾಸಿ ಇಲ್ಲ ಅಂದರೆ?

ಜನವರಿಯಲ್ಲಿ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಅಲ್ಲಿ ಮಾತ್ರ ಈ ಶಿಸ್ತಿನ ಆಟ ನಡೆಯುವುದಿಲ್ಲ. ಕಲಾವಿದರು ರಸ್ತೆ ಪಕ್ಕ ಚಿತ್ರ ಹರಡಿ ಕೂತರೆ ಸಾಕು, ನಮ್ಮ ಜನಕ್ಕೆ ಹಳೇ ಚಾಳಿ ಎದ್ದುಬಿಡುತ್ತದೆ. "ಎರಡು ತಗೋತೀವಿ, ಕೊನೇ ರೇಟು ಹೇಳಿ" ಅಂತ ಒಬ್ಬರು. ಫ್ರೇಮ್ ಬೇಡ, ಬರೀ ಚಿತ್ರ ಎಷ್ಟು ಅಂತ ಇನ್ನೊಬ್ಬರು. ಅವರ ಹಿಂದೆ ನಿಂತಿದ್ದ ಅಮ್ಮ ಒಬ್ಬರು ಮಗನ ಕೈ ಎಳೆದು ಹೇಳುತ್ತಿದ್ದರು: "ಈಗ ಬೇಡ ಕಣೋ, ಇನ್ನೊಂದು ರೌಂಡ್ ಹೋಗಿ ಬರೋಣ. ಸಾಯಂಕಾಲ ಇಳಿಸ್ತಾರೆ."