ತೊಗರಿ ಅಂತ ಹೊಡೆದರೆ ತೊಗರಿ ಸಿಗಬೇಕು

ಹೋದ ಜನವರಿ. ಗಂಜ್‌ಗೆ ತೊಗರಿ ಆವಕ ಜೋರಾಗಿದ್ದ ವಾರ. ಬೆಳಿಗ್ಗೆ ಏಳಕ್ಕೇ ಫೋನ್ ಬಂತು. ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜ್‌ನಲ್ಲಿ ಒಂದು ಅಡತ್ ಅಂಗಡಿಗೆ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲ್ಲಾಳಿ ಅಂಗಡಿಗೆ, ನಾವು ಲೆಕ್ಕ ಬರೆಯುವ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇವೆ. ಮಾತಾಡಿದವರು ಅಲ್ಲಿ ಲೆಕ್ಕ ಬರೆಯುವ ಮುನೀಮರು. ವಯಸ್ಸು ಅರವತ್ತು ದಾಟಿದೆ. ನಾನು ಅವರನ್ನು ಕಾಕಾ ಅಂತಲೇ ಕರೆಯೋದು.

"ತಮ್ಮಾ, ತೊಗರಿ ಅಂತ ಹೊಡದ್ರ ತೊಗರಿ ಬರವಲ್ದು. ಹೆಸರು ಬರ್ತದ, ಕಡ್ಲಿ ಬರ್ತದ, ತೊಗರಿ ಬರವಲ್ದು. ಹೊರಗ ರೈತರು ನಿಂತಾರ ನೋಡು."

ಹಿಂದಿನ ರಾತ್ರಿಯಷ್ಟೇ ಹೊಸ ಆವೃತ್ತಿ ಹಾಕಿದ್ದೆವು. ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಬರೆದಿಟ್ಟ ಸರಕಿನ ಹೆಸರುಗಳಿದ್ದವು. ಅವನ್ನು ಯೂನಿಕೋಡ್‌ಗೆ, ಅಂದರೆ ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತಗಳಿಗೆ, ಬದಲಿಸಿ ಸೇರಿಸಿದ್ದೆವು. ಅಪ್ಲಿಕೇಶನ್ ಸರಿಯಿದೆಯಾ ಅಂತ ತಾನಾಗಿ ಓಡಿ ನೋಡುವ ನಮ್ಮ ಟೆಸ್ಟ್‌ಗಳೆಲ್ಲ ಹಸಿರು, ಅಂದರೆ ಪಾಸ್. ಒಂದೂ ಕೆಂಪಿಲ್ಲ. ನಿಶ್ಚಿಂತೆಯಿಂದ ಮಲಗಿದ್ದೆ.

ಗಾಡಿ ತಗೊಂಡು ಗಂಜ್‌ಗೆ ಓಡಿದೆ. ಕಾಕಾ ಹುಡುಕುವ ಜಾಗದಲ್ಲಿ ತೊಗರಿ ಅಂತ ಹೊಡೆದು ತೋರಿಸಿದರು. ಖಾಲಿ. ಕೆಳಗೆ ಪೂರ್ತಿ ಲಿಸ್ಟ್ ತೆಗೆದರೆ ತೊಗರಿ ಅಲ್ಲೇ ಇದೆ, ಕಣ್ಣ ಮುಂದೆ. ಎರಡೂ ಪದ ಪಕ್ಕಪಕ್ಕ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ಇದ್ದದ್ದು ಒಳಗೆ. ಯೂನಿಕೋಡ್‌ನಲ್ಲಿ 'ತೊ' ಅನ್ನೋದನ್ನು ಎರಡು ತರಹ ಬರೆಯಬಹುದು. ತ-ಕ್ಕೆ 'ಒ'ಕಾರದ ಗುರುತನ್ನು ಒಂದೇ ಸಂಕೇತವಾಗಿ ಹಚ್ಚಬಹುದು. ಇಲ್ಲದಿದ್ದರೆ 'ಎ'ಕಾರದ ಗುರುತು ಹಚ್ಚಿ, ಅದರ ಪಕ್ಕ 'ಊ'ಕಾರದ ಗುರುತು ಇಡಬಹುದು. ಪರದೆ ಮೇಲೆ ಎರಡೂ ಒಂದೇ ಅಕ್ಷರ. ಕಂಪ್ಯೂಟರಿಗೆ ಎರಡು ಬೇರೆ ಪದ. ಹಳೇ ಲಿಸ್ಟ್ ಬದಲಿಸಿದಾಗ ಎರಡನೇ ರೀತಿಯಲ್ಲಿ ಬಂದಿತ್ತು. ಕಾಕಾನ ಕೀಬೋರ್ಡ್ ಬರೆಯುತ್ತಿದ್ದದ್ದು ಮೊದಲನೇ ರೀತಿ. ಆಮೇಲೆ ನೋಡಿದರೆ ಜೋಳ, ಗೋಧಿ, ಸೋಯಾ ಕೂಡ ಸಿಗುತ್ತಿರಲಿಲ್ಲ. ಆ ದಿನ ಅವನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಸರಿ ಮಾಡಲು ಹತ್ತು ನಿಮಿಷ ಸಾಕಾಯಿತು. ಉಳಿಸುವಾಗಲೂ ಹುಡುಕುವಾಗಲೂ ಪದವನ್ನು ಒಂದೇ ರೂಪಕ್ಕೆ ತಂದುಕೊಳ್ಳಬೇಕು. ವೆಬ್ ಪುಟಗಳ ಕೋಡ್ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ಅದಕ್ಕೆ ನಾರ್ಮಲೈಸ್ ಅನ್ನೋ ಫಂಕ್ಷನ್ ಮೊದಲಿಂದ ಇದೆ. ಆದರೆ ಅಷ್ಟರಲ್ಲಿ ಕಾಕಾ ಬೇರೆ ದಾರಿ ಕಾಣದೆ ತೊಗರಿ ಅಂತ ಹೊಸದಾಗಿ ಒಂದು ಸರಕು ಸೇರಿಸಿ ರೈತರಿಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಕೊಡೋಕೆ ಶುರು ಮಾಡಿದ್ದರು. ಎರಡು ತೊಗರಿಯನ್ನು ಒಂದು ಮಾಡಿ ಲೆಕ್ಕ ಕೂಡಿಸುವಷ್ಟರಲ್ಲಿ ಸಂಜೆಯಾಯಿತು.

ಆ ದಿನದಿಂದ ನನಗೆ ಒಂದು ಮಾತು ಗಟ್ಟಿಯಾಗಿದೆ. ಅದನ್ನು ನಮ್ಮ ಭಾಗದಲ್ಲಿ ವೆಬ್ ಕೆಲಸ ಮಾಡುವ ಎಲ್ಲರಿಗೂ ಹೇಳಬೇಕು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಟೆಸ್ಟ್ ಬರೆಯುವಾಗ ಬ್ರೌಸರ್ ತೆರೆದು ಬರೀರಿ. ಬಳಸುವವರ ಕಣ್ಣಿಗೆ ಪರದೆ ಮೇಲೆ ಯಾವ ಪದ ಕಾಣುತ್ತದೋ ಅದನ್ನೇ ಹಿಡಿದು ಬರೀರಿ.

ನಮ್ಮ ಹಸಿರು ಟೆಸ್ಟ್‌ಗಳು ಏನು ನೋಡುತ್ತಿದ್ದವು ಗೊತ್ತಾ? ಹುಡುಕುವ ಫಂಕ್ಷನ್‌ಗೆ ನಾವೇ ನಮ್ಮ ಕೀಬೋರ್ಡ್‌ನಲ್ಲಿ ಬರೆದ ಸರಕಿನ ಹೆಸರು ಕೊಡುತ್ತಿದ್ದೆವು. ಅದೇ ಕೀಬೋರ್ಡ್‌ನಲ್ಲಿ ಬರೆದ ಪದವನ್ನು ಹುಡುಕುತ್ತಿದ್ದೆವು. ಸಿಗದೆ ಇರುತ್ತದಾ? ಫಂಕ್ಷನ್ ಸರಿಯಿತ್ತು. ಡೇಟಾಬೇಸ್ ಸರಿಯಿತ್ತು. ಪುಟ ಸರಿಯಿತ್ತು. ಮೂರನ್ನೂ ಜೋಡಿಸಿ, ಅಂಗಡಿಯ ನಿಜವಾದ ಲಿಸ್ಟ್ ಹಾಕಿ, ಕಾಕಾ ಕೂತಂತೆ ಕೂತು ನಾವು ಯಾರೂ ನೋಡಿರಲಿಲ್ಲ.

ಬ್ರೌಸರನ್ನು ತಾನಾಗಿ ಓಡಿಸುವ ಟೆಸ್ಟ್ ಹೊಸದೇನಲ್ಲ. 2004ರಲ್ಲಿ ಶಿಕಾಗೋದಲ್ಲಿ ಥಾಟ್‌ವರ್ಕ್ಸ್ ಕಂಪನಿಯ ಜೇಸನ್ ಹಗಿನ್ಸ್ ಅಂಥದ್ದೇ ಒಂದು ಸಾಧನ ಸೆಲೆನಿಯಂ ಶುರು ಮಾಡಿದರು. ಅವರು ಆಗ ಪರೀಕ್ಷಿಸಬೇಕಾಗಿದ್ದದ್ದೂ ಕೆಲಸದ ಸಮಯ ಮತ್ತು ಖರ್ಚಿನ ಲೆಕ್ಕ ಬರೆಯುವ ಅಪ್ಲಿಕೇಶನ್ನೇ. 2017ರಲ್ಲಿ ಕ್ರೋಮ್ ಕಿಟಕಿ ತೆರೆಯದೆಯೇ ಹಿಂದೆ ಓಡುವುದನ್ನು ಕಲಿಯಿತು. 2020ರಲ್ಲಿ ಮೈಕ್ರೋಸಾಫ್ಟ್ ಇದೇ ಕೆಲಸದ ಪ್ಲೇರೈಟ್ ಕೊಟ್ಟಿತು. ನಾವು ಬಳಸೋದು ಅದನ್ನೇ. ದುಡ್ಡು ಕೊಡಬೇಕಾಗಿಲ್ಲ. ಕಲಬುರಗಿಯಲ್ಲಿ ಕೂತು ಒಂದು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಓಡಿಸಬಹುದು.

ಆದರೆ ಬ್ರೌಸರ್ ಓಡಿಸಿದ ಮಾತ್ರಕ್ಕೆ ಆಗಲ್ಲ. ಮೊದಲು ನಾವೂ ಬಟನ್ನಿನ ಐಡಿ, ಅಂದರೆ ಕೋಡ್ ಒಳಗಿನ ಹೆಸರು, ಹಿಡಿದು ಟೆಸ್ಟ್ ಬರೆಯುತ್ತಿದ್ದೆವು. ಒಂದು ಸಲ ಕನ್ನಡ ಅನುವಾದದ ಫೈಲ್‌ನಲ್ಲಿ ಒಂದು ಸಾಲು ಬಿಟ್ಟುಹೋಯಿತು. 'ಪಟ್ಟಿ ಉಳಿಸಿ' ಅಂತ ಇರಬೇಕಾದ ಬಟನ್ ಮೇಲೆ ಇಂಗ್ಲಿಷ್ ಅಕ್ಷರಗಳ ಯಾವುದೋ ಒಳಗಿನ ಸಂಕೇತ ಬಂದು ಕೂತಿತು. ಟೆಸ್ಟ್‌ಗೆ ಏನೂ ತಿಳಿಯಲಿಲ್ಲ. ಐಡಿ ಇತ್ತು, ಒತ್ತಿತು, ಪಾಸಾಯಿತು. ಇಂಗ್ಲಿಷ್ ಓದಲು ಬಾರದವರಿಗೆ ಆ ಬಟನ್ ಇದ್ದೂ ಇಲ್ಲದಂತೆ. ಅದೇ ಟೆಸ್ಟ್ 'ಪಟ್ಟಿ ಉಳಿಸಿ ಅಂತ ಬರೆದಿರುವ ಬಟನ್ ಒತ್ತು' ಅಂತ ಇದ್ದಿದ್ದರೆ ಆಗಲೇ ಕೆಂಪಾಗುತ್ತಿತ್ತು.

ರೂಬಿ ಅನ್ನೋ ಕೋಡ್ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರುವ ವಿಷಯ. ಅಲ್ಲಿನ ಟೆಸ್ಟ್ ಸಾಧನ ಕ್ಯಾಪಿಬಾರಾ ಮೊದಲಿಂದಲೂ ಲೇಬಲ್ ಹೆಸರು ಹೇಳಿ ಜಾಗ ತುಂಬಿಸುತ್ತದೆ, ಬಟನ್ ಮೇಲಿನ ಪದ ಹೇಳಿ ಒತ್ತಿಸುತ್ತದೆ. ಪ್ಲೇರೈಟ್‌ನಲ್ಲಿ ಹೀಗೆ ಹುಡುಕಲು ಗೆಟ್‌ಬೈಲೇಬಲ್, ಗೆಟ್‌ಬೈರೋಲ್ ಅನ್ನೋ ಫಂಕ್ಷನ್‌ಗಳಿವೆ. ಅವಕ್ಕೆ ಕನ್ನಡ ಪದವನ್ನೇ ಕೊಡಿ. 'ರೈತರ ಹೆಸರು', 'ಚೀಲ', 'ತೂಕ', 'ದರ'. ಕೋಡ್ ಓದಿದರೆ ಗಂಜ್‌ನ ಮಾತೇ ಕೇಳಿಸುತ್ತದೆ. ಇನ್ನೂ ಒಂದು ಲಾಭ ಇದೆ. ಲೇಬಲ್ ಸರಿಯಾಗಿ ಜೋಡಿಸಿಲ್ಲದಿದ್ದರೆ ಟೆಸ್ಟ್‌ಗೆ ಆ ಜಾಗ ಸಿಗಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೂ ಅದರ ಹೆಸರು ಸರಿಯಾಗಿ ಸಿಗಲ್ಲ. ಒಂದು ಸರಿ ಮಾಡಿದರೆ ಇನ್ನೊಂದೂ ಸರಿಯಾಗುತ್ತದೆ.

ಫೋನಿನ ಪರದೆಯಲ್ಲಿ ಓಡಿಸೋದನ್ನೂ ಬಿಡಬೇಡಿ. ಕನ್ನಡ ಪದ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ತಿನ್ನುತ್ತದೆ. ಚಿಕ್ಕ ಫೋನಿನಲ್ಲಿ ನಮ್ಮ ಮೊತ್ತದ ಸಾಲು ಎರಡಾಗಿ ಮುರಿದು ಬಟನ್ ಮೇಲೆ ಬಂದು ಮುಚ್ಚಿಕೊಂಡಿತ್ತು. ಪ್ಲೇರೈಟ್ ಒತ್ತುವ ಮುಂಚೆ ನಾಲ್ಕು ವಿಷಯ ನೋಡಿಕೊಳ್ಳುತ್ತದೆ: ಬಟನ್ ಕಾಣುತ್ತಿದೆಯಾ, ಅಲುಗಾಡದೆ ನಿಂತಿದೆಯಾ, ಒತ್ತಲು ಬಿಟ್ಟಿದೆಯಾ, ಮೇಲೆ ಬೇರೇನಾದರೂ ಅಡ್ಡ ಬಂದಿದೆಯಾ. ಅಡ್ಡ ಇದ್ದರೆ ಒತ್ತದೆ ಕಾಯುತ್ತದೆ, ಕೊನೆಗೆ ಆಗಲಿಲ್ಲ ಅಂತ ಹೇಳುತ್ತದೆ. ಹಾಗೇ ಅದು ಸಿಕ್ಕಿತು.

ಈಗ ನನಗೆ ಬಹಳ ನೋವು ಕೊಟ್ಟ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಒಂದು ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುತ್ತಿತ್ತು. ಪಟ್ಟಿ ಉಳಿಸು, ಪಟ್ಟಿಗಳ ಪುಟಕ್ಕೆ ಹೋಗು, ಅಲ್ಲಿ ಹೊಸ ಪಟ್ಟಿ ಇದೆಯಾ ನೋಡು. ಇಷ್ಟೇ ಟೆಸ್ಟ್. ಹತ್ತು ಸಲ ಓಡಿಸಿದರೆ ಒಂದು ಸಲ ಪಟ್ಟಿ ಇರುತ್ತಿರಲಿಲ್ಲ. ಮತ್ತೆ ಓಡಿಸಿದರೆ ಇರುತ್ತಿತ್ತು. "ನೆಟ್ ಸ್ಲೋ ಇರಬೇಕು" ಅಂತ ಎಲ್ಲರೂ ಮತ್ತೆ ಓಡಿಸುತ್ತಿದ್ದರು. ಹೊಸದಾಗಿ ಸೇರಿದ ಹುಡುಗ ನಡುವೆ ಐದು ಸೆಕೆಂಡ್ ಸುಮ್ನೆ ಕಾಯುವ ಸಾಲು ಹಾಕಿದ. ಆಮೇಲೆ ಯಾವತ್ತೂ ಫೇಲ್ ಆಗಲಿಲ್ಲ. ಎಲ್ಲರಿಗೂ ಸಮಾಧಾನ, ನನಗೂ.

ಕೆಲವು ವಾರ ಕಳೆದ ಮೇಲೆ ಬೇರೆ ಕೆಲಸಕ್ಕೆ ಗಂಜ್‌ಗೆ ಹೋಗಿದ್ದೆ. ಕಾಕಾನ ಮೇಜಿನ ಮೇಲೆ ಕಂಪ್ಯೂಟರ್ ಪಕ್ಕದಲ್ಲೇ ಕೆಂಪು ಬಟ್ಟೆಯ ಹೊದಿಕೆಯ ಕಿರ್ದಿ ಪುಸ್ತಕ ಇತ್ತು. ಆ ದಿನದ ಲೆಕ್ಕ ಅದರಲ್ಲೂ ಬರೆದಿದ್ದರು. ಕಾಕಾ, ಇದನ್ನು ಇನ್ನೂ ಯಾಕ ಬರೀತೀರಿ ಅಂತ ಕೇಳಿದೆ.

"ಒಮ್ಮೊಮ್ಮಿ ಕಂಪ್ಯೂಟರ್‌ನ್ಯಾಗ ಬರ್ದದ್ದು ಹೋಗಿಬಿಡ್ತದಪಾ. ಕರೆಂಟ್ ಹೋಗಿ ಮೊಬೈಲ್ ನೆಟ್ ಹಚ್ಚಿದಾಗ ಜಾಸ್ತಿ ಹೋಗ್ತದ. ನಂದೇ ಏನರ ತಪ್ಪಾಗ್ತಿರಬೇಕು ಅಂತ ಸುಮ್ನಿದ್ದೆ."

ನನ್ನ ಕಣ್ಣಲ್ಲಿ ನೀರು ಬಂತು. ಆಫೀಸಿಗೆ ಬಂದು ಆ ಐದು ಸೆಕೆಂಡಿನ ಸಾಲು ತೆಗೆದು ನೋಡಿದೆವು. ನಮ್ಮ ಪುಟ 'ಉಳಿಸಿ' ಒತ್ತಿದ ಕೂಡಲೇ ಫಾರಂ ಖಾಲಿ ಮಾಡುತ್ತಿತ್ತು. ಲೆಕ್ಕ ಉಳಿಸಿಕೊಳ್ಳುವ ದೂರದ ಕಂಪ್ಯೂಟರ್, ಅಂದರೆ ಸರ್ವರ್‌ನಿಂದ ಉತ್ತರ ಬಂದಿದೆಯಾ ಅಂತ ನೋಡುತ್ತಿರಲಿಲ್ಲ. ಫಾರಂ ಖಾಲಿಯಾದರೆ ಯಾರಾದರೂ ಉಳಿಯಿತು ಅಂತಲೇ ತಿಳಿಯುತ್ತಾರೆ, ಅಲ್ವಾ? ಅವರು ಮುಂದಿನ ಪುಟಕ್ಕೆ ಹೋಗುತ್ತಿದ್ದಂತೆ ಬ್ರೌಸರ್ ಅರ್ಧ ದಾರಿಯಲ್ಲಿದ್ದ ವಿನಂತಿಯನ್ನು ಕಡಿದುಹಾಕುತ್ತಿತ್ತು. ನೆಟ್ ಚುರುಕಿದ್ದರೆ ಬಚಾವ್. ನಿಧಾನವಿದ್ದರೆ ರೈತರೊಬ್ಬರ ಪಟ್ಟಿ ಇಲ್ಲ. ನಮ್ಮ ಟೆಸ್ಟ್ ಇದನ್ನೇ ಹತ್ತರಲ್ಲಿ ಒಂದು ಸಲ ಹೇಳುತ್ತಿತ್ತು. ನಾವು ಅದರ ಬಾಯಿ ಮುಚ್ಚಿಸಿದ್ದೆವು.

ಅದಕ್ಕೇ ಕೈಮುಗಿದು ಕೇಳುತ್ತೇನೆ, ಇಷ್ಟು ಸೆಕೆಂಡ್ ಕಾಯಿ ಅನ್ನೋ ಸಾಲನ್ನು ಟೆಸ್ಟ್‌ನಲ್ಲಿ ಬರೆಯಬೇಡಿ. ಏನು ಕಂಡರೆ ಮುಂದೆ ಹೋಗಬಹುದು ಅಂತ ಬರೀರಿ. ಈಗ ನಮ್ಮ ಪುಟದಲ್ಲಿ ಸರ್ವರ್ ಒಪ್ಪಿದ ಮೇಲೆ 'ಪಟ್ಟಿ ಉಳಿದಿದೆ' ಅಂತ ನಂಬರ್ ಸಮೇತ ಬರುತ್ತದೆ. ಅಲ್ಲಿವರೆಗೆ ಫಾರಂ ಖಾಲಿ ಆಗಲ್ಲ, ಬೇರೆ ಪುಟಕ್ಕೆ ಹೋಗಲು ಹೊರಟರೆ ಎಚ್ಚರಿಸುತ್ತದೆ. ಟೆಸ್ಟ್ ಕಾಯೋದೂ ಆ ಪದಕ್ಕೆ, ಕಾಕಾ ಕಾಯೋದೂ ಆ ಪದಕ್ಕೆ. ನೆಟ್ ಬೇಕಂತಲೇ ನಿಧಾನ ಮಾಡಿ ಇದನ್ನು ಒಂದು ಸಲ, ಪೂರ್ತಿ ಕಡಿದು ಇನ್ನೊಂದು ಸಲ ಓಡಿಸುತ್ತೇವೆ.

ಗಡಿಯಾರದ್ದೂ ಒಂದು ಇದೆ. ಸೀಜನ್ನಿನಲ್ಲಿ ಲಾರಿ ನಸುಕಿನ ನಾಲ್ಕಕ್ಕೆ ಬರುತ್ತದೆ. ಸರ್ವರ್ ಓಡೋದು ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿ. ನಮಗಿಂತ ಐದೂವರೆ ಗಂಟೆ ಹಿಂದೆ. ಅಂದರೆ ಬೆಳಿಗ್ಗೆ ಐದೂವರೆಗೆ ಮುಂಚೆ ಬರೆದ ಪಟ್ಟಿಗೆಲ್ಲ ಹಿಂದಿನ ದಿನದ ತಾರೀಖು ಬೀಳುವ ಅಪಾಯ. ಹಗಲು ಹೊತ್ತು ಆಫೀಸಿನಲ್ಲಿ ಕೂತು ನೋಡಿದರೆ ಇದು ಯಾವತ್ತೂ ಕಾಣಲ್ಲ. ಬ್ರೌಸರಿನ ಗಡಿಯಾರವನ್ನೂ ಸರ್ವರಿನದನ್ನೂ ನಾಲ್ಕಕ್ಕೆ ಇಟ್ಟು ಒಂದು ಟೆಸ್ಟ್ ಬರೆದಿದ್ದೇವೆ.

ಇಂಥ ಟೆಸ್ಟ್ ನಿಧಾನ ಅಂತ ಹೇಳುವವರ ಮಾತು ಸುಳ್ಳಲ್ಲ. ನಮ್ಮವು 46 ಇವೆ, ಎಲ್ಲ ಓಡಲು ಒಂಬತ್ತು ನಿಮಿಷ ಬೇಕು. ಎಲ್ಲವನ್ನೂ ಬ್ರೌಸರ್‌ನಲ್ಲೇ ನೋಡಬೇಕಾಗಿಲ್ಲ. ಹಮಾಲಿ ಎಷ್ಟು, ಪೈಸೆ ಎಲ್ಲಿ ಪೂರ್ಣಾಂಕ ಮಾಡಬೇಕು ಅನ್ನೋ ಲೆಕ್ಕಕ್ಕೆ ಕೋಡಿನ ಒಂದೊಂದು ತುಂಡನ್ನು ಬೇರೆಯಾಗಿ ನೋಡುವ ಸಣ್ಣ ಯೂನಿಟ್ ಟೆಸ್ಟೇ ಸರಿ, ಕ್ಷಣದಲ್ಲಿ ನೂರು ಓಡುತ್ತವೆ. ರೈತರ ಕೈಗೆ ಪಟ್ಟಿ ಹೋಗುವ ದಾರಿ, ದುಡ್ಡು ಕೈ ಬದಲಾಯಿಸುವ ದಾರಿ, ಇಷ್ಟನ್ನು ಮಾತ್ರ ಬ್ರೌಸರ್‌ನಲ್ಲಿ ಮೊದಲಿಂದ ಕೊನೆವರೆಗೆ ನಡೆದು ನೋಡಿ. ಆ ಒಂಬತ್ತು ನಿಮಿಷದಲ್ಲಿ ನಾನು ಒಂದು ಚಹಾ ಕುಡಿದು ಬರುತ್ತೇನೆ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಇಂಜಿನಿಯರಿಂಗ್ ಓದುತ್ತಿರುವ ತಮ್ಮಂದಿರು, ತಂಗಿಯರು ಇದನ್ನು ಓದುತ್ತಿದ್ದರೆ ಒಂದು ಮಾತು. ಬ್ಲ್ಯಾಕ್ ಬಾಕ್ಸ್, ವೈಟ್ ಬಾಕ್ಸ್ ವ್ಯಾಖ್ಯೆ ಪರೀಕ್ಷೆಗೆ ಬರೆಯಿರಿ. ಜೊತೆಗೆ ನಿಮ್ಮ ಪ್ರಾಜೆಕ್ಟ್‌ಗೆ ಒಂದೇ ಒಂದು ಬ್ರೌಸರ್ ಟೆಸ್ಟ್ ಬರೆದು ತನ್ನಿ. ನಮ್ಮಲ್ಲಿ ಕೆಲಸ ಕೇಳಿ ಬರುವವರಿಗೆ ನಾನು ಮೊದಲು ಕೇಳೋದು ಅದನ್ನೇ. ಬರೆಯಲು ಗೊತ್ತಾಗದಿದ್ದರೆ ಮೆಸೇಜ್ ಮಾಡಿ, ಭಾನುವಾರ ಕೂತು ಹೇಳಿಕೊಡುತ್ತೇನೆ.

ಈಗ ನಾವು ಟೆಸ್ಟ್‌ನ ಹೆಸರನ್ನೂ ಕನ್ನಡದಲ್ಲೇ ಇಡುತ್ತೇವೆ. 'ಮುನೀಮರು ನಸುಕಿನ ನಾಲ್ಕಕ್ಕೆ ತೊಗರಿ ಪಟ್ಟಿ ಮಾಡುತ್ತಾರೆ.' 'ಪಟ್ಟಿ ಉಳಿಸುವಾಗ ನೆಟ್ ಹೋಗುತ್ತದೆ.' ತಿಂಗಳಿಗೊಮ್ಮೆ ಕಾಕಾನ ಕಿರ್ದಿಯ ಒಂದು ಪುಟ ಕೇಳಿ ತರುತ್ತೇನೆ. ರೈತರ ಹೆಸರು ಬದಲಿಸಿ, ಆ ದಿನದ ವ್ಯವಹಾರ ಪೂರ್ತಿ ಬ್ರೌಸರ್‌ನಲ್ಲಿ ನಡೆಸುತ್ತೇವೆ. ಕೊನೆಯ ಮೊತ್ತ ಕಾಕಾ ಕೈಯಲ್ಲಿ ಬರೆದ ಮೊತ್ತಕ್ಕೆ ಕೂಡಬೇಕು.

ಈ ತಿಂಗಳ ಪುಟ ಇವತ್ತು ಬೆಳಿಗ್ಗೆ ಕೆಂಪಾಗಿದೆ. ಒಬ್ಬ ರೈತರು ಮೂರು ಚೀಲ ತೊಗರಿ ಜೊತೆ ಅರ್ಧ ಚೀಲ ಹೆಸರು ತಂದಿದ್ದಾರೆ. ಕಾಕಾ ಕಿರ್ದಿಯಲ್ಲಿ ಅರ್ಧ ಅಂತ ಸರಾಗವಾಗಿ ಬರೆದಿದ್ದಾರೆ. ನಮ್ಮ 'ಚೀಲ' ಜಾಗ ಅರ್ಧವನ್ನು ಒಪ್ಪುತ್ತಿಲ್ಲ. ಈಗ ಅದನ್ನೇ ಸರಿ ಮಾಡಲು ಕೂರುತ್ತಿದ್ದೇನೆ.