ನೀರು ಕುಡಿಯಿರಿ, ಇದು ನಿಯಮ

ಎಸಿ ಹಾಕಿದ ಸ್ಟೇಡಿಯಂನಲ್ಲೂ ಸರಿಯಾಗಿ 22ನೇ ನಿಮಿಷಕ್ಕೆ ಇಪ್ಪತ್ತೆರಡೂ ಜನಕ್ಕೆ ಒಟ್ಟಿಗೆ ಬಾಯಾರುತ್ತದೆ ಎಂದು ಕಂಡುಹಿಡಿದ ಫಿಫಾಗೆ ಮೊದಲು ಒಂದು ದೊಡ್ಡ ನಮಸ್ಕಾರ. ವಿಷಯ ನಿಮಗೆ ಗೊತ್ತೇ ಇದೆ. 2026ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಪ್ರತಿ ಅರ್ಧದ ಮಧ್ಯದಲ್ಲೂ ರೆಫ್ರಿ ಸೀಟಿ ಊದಬೇಕು, ಆಟ ನಿಲ್ಲಬೇಕು, ಮೂರು ನಿಮಿಷ ಎಲ್ಲರೂ ನೀರು ಕುಡಿಯಬೇಕು. ಬಿಸಿಲಿದ್ದರೂ ಕುಡಿಯಬೇಕು, ಮಳೆ ಬಂದರೂ ಕುಡಿಯಬೇಕು. ಅಟ್ಲಾಂಟಾ, ಡಲ್ಲಾಸ್, ಹ್ಯೂಸ್ಟನ್ ಸ್ಟೇಡಿಯಂಗಳಿಗೆ ಮೇಲೆ ಸೂರಿದೆ, ಒಳಗೆ ತಂಪಿದೆ. ಇರಲಿ, ಅಲ್ಲೂ ಕುಡಿಯಬೇಕು. ಎಲ್ಲ ತಂಡಗಳಿಗೂ ಒಂದೇ ಥರದ ಪರಿಸ್ಥಿತಿ ಇರಬೇಕಂತೆ. ಒಬ್ಬರು ಬೆವರಿದರೆ ಎಲ್ಲರೂ ಒರೆಸಿಕೊಳ್ಳಬೇಕು, ಅಲ್ವಾ?

2014ರಲ್ಲಿ ಬ್ರೆಜಿಲ್‌ನ ಫೋರ್ಟಲೆಜಾದಲ್ಲಿ ನೆದರ್ಲೆಂಡ್ಸ್, ಮೆಕ್ಸಿಕೊ ಆಡುವಾಗಲೂ ಹೀಗೆ ಆಟ ನಿಲ್ಲಿಸಿದ್ದರು. ಆಗ ಉಷ್ಣತೆ, ತೇವಾಂಶ ಎಲ್ಲ ಲೆಕ್ಕ ಹಾಕಿ, ಸೆಕೆ ಮಿತಿ ಮೀರಿದರೆ ಮಾತ್ರ ಬ್ರೇಕ್ ಕೊಡುತ್ತಿದ್ದರು. ಈಗ ಥರ್ಮಾಮೀಟರ್ ಖರ್ಚೂ ಉಳಿಯಿತು.

ಈ ಮೂರು ನಿಮಿಷದಲ್ಲಿ ಟಿವಿಯಲ್ಲಿ ಏನು ತೋರಿಸುತ್ತಾರೆ ಎಂದು ಯುರೋಪಿನ ಅಭಿಮಾನಿಗಳು ತಲೆ ಕೆಡಿಸಿಕೊಂಡಿದ್ದಾರೆ. ಪಾಪ, ನಮ್ಮನ್ನು ಕೇಳಬಹುದಿತ್ತು. 2009ರಲ್ಲಿ ಐಪಿಎಲ್‌ನವರು ಸ್ಟ್ರಾಟೆಜಿಕ್ ಟೈಮ್‌ಔಟ್ ತಂದಾಗ ಇನಿಂಗ್ಸ್‌ಗೆ ಒಂದು ಸಲ, ಏಳೂವರೆ ನಿಮಿಷ ಆಟ ನಿಲ್ಲುತ್ತಿತ್ತು. ಏಳೂವರೆ ನಿಮಿಷದಲ್ಲಿ ಏನು ತಂತ್ರ ಹೂಡುತ್ತಿದ್ದರೋ ದೇವರಿಗೇ ಗೊತ್ತು. ಚೆನ್ನಾಗಿ ಹೊಡೆಯುತ್ತಿದ್ದ ಬ್ಯಾಟ್ಸ್‌ಮನ್ ಮಾತ್ರ ಎದ್ದು ಬಂದು ಮೊದಲ ಬಾಲಿಗೇ ಔಟಾಗುತ್ತಿದ್ದ. ಆಮೇಲೆ ಜನ ಬೈದರು ಅಂತ ಅದನ್ನು ಒಡೆದು ಎರಡೂವರೆ ನಿಮಿಷದ ತುಂಡು ಮಾಡಿದರು. ಈಗ ಯಾರಿಗೂ ಸಿಟ್ಟೇ ಬರುವುದಿಲ್ಲ. ಸಿಮೆಂಟು, ಪಾನ್ ಮಸಾಲ, ಕಾರು ನೋಡಿಕೊಂಡು ಸುಮ್ನೆ ಕೂತಿರುತ್ತೇವೆ. ಅಭ್ಯಾಸವಾಗುತ್ತದೆ ಸ್ವಾಮಿ, ನಿಮಗೂ ಆಗುತ್ತದೆ.

ಆಟಗಾರರ ಆರೋಗ್ಯಕ್ಕಾಗಿ ಈ ನೀರು ಅಂತ ಫಿಫಾ ಹೇಳುತ್ತದೆ. ನಂಬೋಣ. ಆದರೆ ಇದೇ ಫಿಫಾ ವಿಶ್ವಕಪ್ ತಂಡಗಳನ್ನು 32ರಿಂದ 48 ಮಾಡಿದೆ, ಪಂದ್ಯಗಳನ್ನು 64ರಿಂದ 104 ಮಾಡಿದೆ. 2025ರ ಜೂನ್, ಜುಲೈನಲ್ಲಿ, ಇದೇ ಅಮೆರಿಕದ ಬಿಸಿಲಲ್ಲಿ, ಲೀಗ್ ಮುಗಿಸಿ ಸುಸ್ತಾಗಿ ಬಂದ ಹುಡುಗರನ್ನು 32 ತಂಡಗಳ ಕ್ಲಬ್ ವಿಶ್ವಕಪ್ ಆಡಿಸಿದೆ. ನಡುಮಧ್ಯಾಹ್ನವೇ ಪಂದ್ಯ ಇಟ್ಟಿತ್ತು, ಯುರೋಪಿನವರು ಸಂಜೆ ಟಿವಿ ಮುಂದೆ ಕೂರುತ್ತಾರಲ್ಲ, ಅದಕ್ಕೆ. ಮನುಷ್ಯನನ್ನು ವರ್ಷವಿಡೀ ಓಡಿಸಿ ಮೂರು ನಿಮಿಷ ನೀರು ಕೊಡುವುದಕ್ಕೆ ಕಾಳಜಿ ಅಂತ ಕರೆಯಲು ನನಗಂತೂ ಬಾಯಿ ಬರುವುದಿಲ್ಲ.

ಈ ಆಟದ ಕಾನೂನು ಯಾರು ಬರೆಯುತ್ತಾರೆ ಅಂತ ಕೇಳಿದರೆ ಇನ್ನೂ ಮಜಾ ಇದೆ. 1886ರಲ್ಲಿ ಹುಟ್ಟಿದ ಐಎಫ್‌ಎಬಿ ಅಂತ ಒಂದು ಮಂಡಳಿ. ಒಟ್ಟು ಎಂಟು ಮತ. ಫಿಫಾಗೆ ನಾಲ್ಕು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ತಲಾ ಒಂದೊಂದು. ನಿಯಮ ಬದಲಾಗಬೇಕಾದರೆ ಆರು ಮತ ಬೇಕು. ಐದು ಸಲ ವಿಶ್ವಕಪ್ ಗೆದ್ದ ಬ್ರೆಜಿಲ್ ತನ್ನ ಹೆಸರಲ್ಲಿ ಕೈ ಎತ್ತುವಂತಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಅರ್ಧದಷ್ಟೂ ಜನ ಇಲ್ಲದ ಉತ್ತರ ಐರ್ಲೆಂಡ್ ಎತ್ತಬಹುದು. ನನಗೇನೂ ಹೊಟ್ಟೆಕಿಚ್ಚಿಲ್ಲ. ಹಳೇ ಮನೆತನ, ಪಟೇಲಿಕೆ ನಡೆದುಕೊಂಡು ಬಂದಿದೆ. ಟಿಕೆಟ್ ಕೊಂಡವನಿಗೆ ಎಷ್ಟು ಮತ ಅಂತ ಮಾತ್ರ ಕೇಳಬೇಡಿ.

ಟಿಕೆಟ್ ಕೊಂಡವನ ಪಾಡು ನೋಡಬೇಕೆಂದರೆ 2024ರ ಯೂರೊ ಕಪ್ ನೆನಪಿಸಿಕೊಳ್ಳಿ. ಡಾರ್ಟ್‌ಮಂಡ್‌ನಲ್ಲಿ ಜರ್ಮನಿ, ಡೆನ್ಮಾರ್ಕ್. ಮೊದಲರ್ಧದಲ್ಲಿ ಗುಡುಗು ಸಿಡಿಲು ಬಂದು ಸುಮಾರು ಅರ್ಧ ಗಂಟೆ ಆಟ ನಿಂತಿತು. (ಅವತ್ತಿನ ಒಂದೇ ನ್ಯಾಯವಾದ ಬ್ರೇಕ್ ಅದು.) ಎರಡನೇ ಅರ್ಧ ಶುರುವಾಗುತ್ತಲೇ ಡೆನ್ಮಾರ್ಕ್‌ನ ಆಂಡರ್ಸನ್ ಗೋಲು ಹೊಡೆದ. ಕೆಂಪು ಅಂಗಿಯವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ತಾಳಿ, ತಾಳಿ. ಪರದೆಯ ಮೇಲೆ ಕಂಪ್ಯೂಟರ್ ಬಿಡಿಸಿದ ಗೊಂಬೆಗಳು ಬಂದವು. ಡಿಲೇನಿ ಎಂಬ ಆಟಗಾರನ ಕಾಲ್ಬೆರಳ ತುದಿ ಆಫ್‌ಸೈಡ್ ಗೆರೆಯಿಂದ ಆಚೆ ಇದೆಯಂತೆ. ಗೋಲು ರದ್ದು. ಎರಡು ನಿಮಿಷ ಕಳೆದಿಲ್ಲ, ಅದೇ ಆಂಡರ್ಸನ್‌ನ ಕೈಬೆರಳಿಗೆ ಚೆಂಡು ಸವರಿತು. ಚೆಂಡಿನೊಳಗೆ ಚಿಪ್ ಇತ್ತು. ಆಸ್ಪತ್ರೆಯ ಇಸಿಜಿ ಥರ ಪರದೆಯ ಮೇಲೆ ಒಂದು ಗೆರೆ ಕುಣಿಯಿತು. ನಾವು ಕ್ರಿಕೆಟ್‌ನಲ್ಲಿ ನೋಡುತ್ತೇವಲ್ಲ, ಅದೇ ಸ್ನಿಕೊ. ಪೆನಾಲ್ಟಿ. ಹಾವರ್ಟ್ಸ್ ಹೊಡೆದ, ಗೋಲು. ಡೆನ್ಮಾರ್ಕ್ 2-0 ಸೋತು ಮನೆಗೆ ಹೋಯಿತು. ಅವರ ಕೋಚ್ ಮೊಬೈಲ್ ಎತ್ತಿ ಫೋಟೊ ತೋರಿಸುತ್ತಾ ಒಂದು ಸೆಂಟಿಮೀಟರ್, ಒಂದು ಸೆಂಟಿಮೀಟರ್ ಅಂತ ಹೇಳಿಕೊಂಡರು.

ಆಫ್‌ಸೈಡ್ ನಿಯಮ ಇರುವುದು ಗೋಲಿನ ಬಾಗಿಲಲ್ಲಿ ಯಾರೂ ಸುಮ್ನೆ ಕಾಯುತ್ತಾ ನಿಲ್ಲಬಾರದು ಅಂತ. ಡಿಲೇನಿಯ ಕಾಲ್ಬೆರಳು ಅಲ್ಲಿ ಯಾರಿಗೆ ಕಾಯುತ್ತಿತ್ತೋ ಏನೋ.

ಆದರೆ ಅಭಿಮಾನಿಗಳನ್ನೂ ಪೂರ್ತಿ ನಂಬುವಂತಿಲ್ಲ. ನನ್ನ ಆಫೀಸಿನಲ್ಲಿ ಒಬ್ಬ ಮ್ಯಾಂಚೆಸ್ಟರ್ ಯುನೈಟೆಡ್ ಭಕ್ತ ಇದ್ದಾನೆ. ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ತಿದ್ದುವ ಪದ್ಧತಿ, ಎಂದರೆ ಉರಿದು ಬೀಳುತ್ತಾನೆ, ಆಟದ ಜೀವ ತೆಗೆಯಿತು ಎನ್ನುತ್ತಾನೆ. ಅದೇ 2024ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಸೆಮಿಫೈನಲ್. ಯುನೈಟೆಡ್ ಎದುರು ಮೂರು ಗೋಲು ಹಿಂದಿದ್ದ ಕೋವೆಂಟ್ರಿ 3-3 ಮಾಡಿ, ಹೆಚ್ಚುವರಿ ಸಮಯದ ಕೊನೇ ಗಳಿಗೆಯಲ್ಲಿ ನಾಲ್ಕನೆಯದನ್ನೂ ಬಾರಿಸಿತ್ತು. ವಿಎಆರ್ ಗೆರೆ ಎಳೆದು ಹಾಜಿ ರೈಟ್‌ನ ಕಾಲ ತುದಿ ಆಚೆ ಇದೆ ಅಂದಿತು. ಯುನೈಟೆಡ್ ಪೆನಾಲ್ಟಿಯಲ್ಲಿ ಗೆದ್ದಿತು. ಮರುದಿನ ನಮ್ಮವನನ್ನು ಕೇಳಿದರೆ, ‘ನಿಯಮ ಅಂದ್ರೆ ನಿಯಮ ಗುರು, ಬೆರಳಾದರೇನು, ಉಗುರಾದರೇನು?’ ಮುಂದಿನ ತಿಂಗಳು ಯುನೈಟೆಡ್ ಕಪ್ಪನ್ನೂ ಎತ್ತಿತು, ಇವನು ಆಫೀಸಿಗೆಲ್ಲ ಮೈಸೂರ್ ಪಾಕ್ ಹಂಚಿದ. ಕ್ಲಬ್ಬುಗಳೂ ಅಷ್ಟೇ. ಆ ವರ್ಷವೇ ಜೂನ್‌ನಲ್ಲಿ ವಿಎಆರ್ ಕಿತ್ತುಹಾಕೋಣ ಅಂತ ವುಲ್ವ್ಸ್ ಎಂಬ ಕ್ಲಬ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಮತಕ್ಕೆ ಹಾಕಿತು. ವರ್ಷವಿಡೀ ಬೈದವರೆಲ್ಲ ಕೂತಿದ್ದ ಸಭೆ. ಬಿದ್ದ ಮತ 19-1. ಆ ಒಂದು ವುಲ್ವ್ಸ್‌ನದೇ.

ಬಾಯಲ್ಲಿ ಹೇಳಿದ್ದನ್ನು ಮಾಡಿ ತೋರಿಸಿದವರು ನಾರ್ವೆಯವರು. 2024ರ ಜುಲೈನಲ್ಲಿ ರೋಸನ್‌ಬೋರ್ಗ್ ಮತ್ತು ಲಿಲ್ಲೆಸ್ಟ್ರೋಮ್ ಪಂದ್ಯದಲ್ಲಿ ವಿಎಆರ್ ವಿರುದ್ಧ ಅಭಿಮಾನಿಗಳು ಮೈದಾನಕ್ಕೆ ಮೀನಿನ ವಡೆ ಎಸೆದರು. ಜೊತೆಗೆ ಟೆನಿಸ್ ಚೆಂಡು, ಹೊಗೆ. ಪಂದ್ಯವೇ ನಿಂತುಹೋಯಿತು. ಮೀನಿನ ವಡೆ! ಮಂಗಳೂರಿನಲ್ಲಿ ಈ ಚಳವಳಿ ಐದು ನಿಮಿಷವೂ ನಡೆಯುತ್ತಿರಲಿಲ್ಲ. ಯಾರು ಎಸೆಯುತ್ತಾರೆ ಸ್ವಾಮಿ, ಸ್ಟ್ಯಾಂಡಿನಲ್ಲೇ ಖಾಲಿಯಾಗುತ್ತಿತ್ತು. ಬಂಗುಡೆ ಸೀಸನ್ ಆಗಿದ್ದರೆ ರೆಫ್ರಿಗೂ ಒಂದು ಸಿಗುತ್ತಿತ್ತು, ತಟ್ಟೆಯಲ್ಲಿ. ಇರಲಿ. ಆಮೇಲೆ ಅಲ್ಲಿನ ಕ್ಲಬ್ಬುಗಳು 19-13ರಲ್ಲಿ ವಿಎಆರ್ ಬೇಡ ಅಂದವು. ಆದರೆ 2025ರ ಮಾರ್ಚ್‌ನಲ್ಲಿ ಫೆಡರೇಷನ್ ಮಹಾಸಭೆ 321-129ರಲ್ಲಿ ಬೇಕು ಅಂದಿತು. ವಡೆ ದಂಡ. ಪಕ್ಕದ ಸ್ವೀಡನ್‌ನಲ್ಲಿ ಕ್ಲಬ್ಬಿನ ಮತದಲ್ಲಿ ಶೇಕಡ 51 ಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮ ಇದೆ. ಅಲ್ಲಿ ಮಾತ್ರ ಅಭಿಮಾನಿಗಳು ಬೇಡ ಅಂದರು, ಬರಲಿಲ್ಲ. ಯಾರೂ ಏನನ್ನೂ ಎಸೆಯಬೇಕಾಗಲಿಲ್ಲ.

ನಮ್ಮಲ್ಲಿ ಎಲ್ಲ ಉಲ್ಟಾ. ಅವರು ವಿಎಆರ್ ಬೇಡ ಅಂತ ಒದ್ದಾಡಿದರೆ ನಾವು ಕೊಡಿ ಸ್ವಾಮಿ ಅಂತ ಬೇಡುತ್ತಿದ್ದೇವೆ. ಬೇಡಿಕೆ ಜೋರಾಗಿದ್ದು 2023ರ ಮಾರ್ಚ್ 3ರ ರಾತ್ರಿ, ನಮ್ಮ ಕಂಠೀರವದಲ್ಲೇ. 96ನೇ ನಿಮಿಷ, ಬೆಂಗಳೂರು ಎಫ್‌ಸಿಗೆ ಫ್ರೀಕಿಕ್. ಎದುರಾಳಿ ಕೇರಳ ಬ್ಲಾಸ್ಟರ್ಸ್ ಹುಡುಗರು ಇನ್ನೂ ಗೋಡೆ ಕಟ್ಟುತ್ತಿದ್ದಾರೆ, ಗೋಲ್‌ಕೀಪರ್ ಕಂಬದ ಹತ್ತಿರ ನಿಂತು ಕೈಸನ್ನೆ ಮಾಡುತ್ತಿದ್ದಾನೆ. ಬೆಂಗಳೂರಿನ ಸುನಿಲ್ ಛೆಟ್ರಿ ಮೆಲ್ಲಗೆ ಚೆಂಡನ್ನು ಬಲೆಗೆ ಕಳಿಸಿಬಿಟ್ಟರು. ರೆಫ್ರಿ ಗೋಲು ಅಂದರು. ಕೇರಳದವರು ತಂಡ ಕಟ್ಟಿಕೊಂಡು ಹೊರಗೇ ನಡೆದರು. ಆಮೇಲೆ ನಾಲ್ಕು ಕೋಟಿ ದಂಡ, ಕೋಚ್‌ಗೆ ಹತ್ತು ಪಂದ್ಯ ನಿಷೇಧ. ಅವತ್ತು ಬೆಂಗಳೂರಿನಲ್ಲಿ ಎಲ್ಲರೂ ನಿಯಮ ಪಂಡಿತರು, ಕೊಚ್ಚಿಯಲ್ಲಿ ಎಲ್ಲರೂ ನ್ಯಾಯಾಧೀಶರು. ವಿಎಆರ್ ಇದ್ದಿದ್ದರೆ ಆ ಜಗಳ ಮುಗಿಯುತ್ತಿತ್ತು ಅಂತ ನನಗೇನೂ ನಂಬಿಕೆ ಇಲ್ಲ. ಕ್ಯಾಮೆರಾದಲ್ಲಿ ಬೆರಳು ಕಾಣುತ್ತದೆ, ಸೀಟಿಗೆ ಕಾಯಬೇಕೋ ಬೇಡವೋ ಅಂತ ರೆಫ್ರಿ ಮತ್ತು ಛೆಟ್ರಿ ನಡುವೆ ಆಡಿದ ಮಾತು ಕಾಣುವುದಿಲ್ಲ.

ಅದಕ್ಕೂ ಮೊದಲು ಲೀಗ್ ಅಂತ ಒಂದು ಇರಬೇಕಿತ್ತಲ್ಲ. 2025ರ ಜುಲೈನಲ್ಲಿ ಒಪ್ಪಂದದ ಗಲಾಟೆಯಲ್ಲಿ ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್ ನಿಲ್ಲಿಸಿದರು. ಕ್ಲಬ್ಬುಗಳು ಸಂಬಳ ತಡೆದವು. ಸೆಪ್ಟೆಂಬರ್ ಹೋಯಿತು, ದಸರಾ, ದೀಪಾವಳಿ ಹೋಯಿತು. 2026ರ ಜನವರಿಯಲ್ಲಿ ದೇಶಕ್ಕೆ ಆಡಿದ ಹುಡುಗರು ವಿಡಿಯೊ ಮಾಡಿ ಫಿಫಾಗೆ ಕೈಮುಗಿದರು, ನಮ್ಮ ಫುಟ್‌ಬಾಲ್ ಉಳಿಸಿ ಅಂತ. ಅಟ್ಲಾಂಟಾದ ಎಸಿಯಲ್ಲಿ ಯಾರು ಯಾವಾಗ ನೀರು ಕುಡಿಯಬೇಕು ಅಂತ ನಿಮಿಷ ಸಮೇತ ಬರೆದಿಟ್ಟವರಿಗೆ! ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗುತ್ತಿಲ್ಲ. ಹೊಟ್ಟೆ ಉರಿಯುತ್ತದೆ, ಅಷ್ಟೇ.

ಇದನ್ನೇ ನಮ್ಮ ಯುನೈಟೆಡ್ ಭಕ್ತನ ಮುಂದೆ ಹೇಳಿದೆ. ಅವನೂ ಕಂಠೀರವಕ್ಕೆ ಬೆಂಗಳೂರಿನ ನೀಲಿ ಅಂಗಿ ಹಾಕಿಕೊಂಡು ಹೋಗುವವನೇ. ಸ್ವಲ್ಪ ಹೊತ್ತು ಯೋಚಿಸಿ, ‘ಲೀಗ್ ಹೇಗಾದರೂ ನಡೆಯುತ್ತೆ ಬಿಡು, ವಿಎಆರ್ ಬಂದರೆ ಆ ಛೆಟ್ರಿ ಗೋಲು ಮತ್ತೆ ತೆಗೆದು ನೋಡಲ್ಲ ತಾನೇ?’ ಅಂತ ಕೇಳಿದ.